ಮಾವನ ಮೇಲಿನ ಸಾಲಿನ ಹಲ್ಲು

ನಮ್ಮ ಮಾವನಿಗೆ, ಅಂದರೆ ಅಮ್ಮನ ಅಣ್ಣನಿಗೆ, ನಲವತ್ತು ದಾಟುವವರೆಗೆ ಒಂದು ದಿನವೂ ಹಲ್ಲುನೋವು ಬಂದಿರಲಿಲ್ಲ. ಬಾಟಲಿಯ ಮುಚ್ಚಳವಾಗಲಿ, ಕರೆಂಟಿನ ವೈರಾಗಲಿ, ಒಡೆಯದ ಬಾದಾಮಿಯಾಗಲಿ, ಎಲ್ಲವನ್ನೂ ಅವನು ಹಲ್ಲಿನಿಂದಲೇ ವಿಚಾರಿಸಿಕೊಳ್ಳುತ್ತಿದ್ದ. ಮನೆಯಲ್ಲಿ ಇಕ್ಕಳ ಕಳೆದುಹೋದರೆ ಅಮ್ಮ ಹುಡುಕುತ್ತಲೇ ಇರಲಿಲ್ಲ, ಅಣ್ಣನನ್ನು ಕೂಗುತ್ತಿದ್ದಳು. ಆದರೆ ಆ ಹಲ್ಲಿನ ಬಣ್ಣ ಇತ್ತಲ್ಲ, ಅಬ್ಬಬ್ಬಾ! ವರ್ಷಗಟ್ಟಲೆ ಟೀ ಸೋಸಿದ ಬಟ್ಟೆಯನ್ನು ತಂದು ಬಾಯಲ್ಲಿ ಸಾಲಾಗಿ ಒಣಹಾಕಿದ ಹಾಗಿತ್ತು. ಅಂಚಿನಲ್ಲಿ ಹಳದಿ, ನಡುವೆ ಕಂದು ಪಟ್ಟೆ, ಅಲ್ಲಲ್ಲಿ ಸುಣ್ಣದ ಚುಕ್ಕೆ.

ಅದಕ್ಕೆ ಕಾರಣ ನೀರು. ಮಾವ ಮಗುವಾಗಿದ್ದಾಗ ನಮ್ಮ ಅಜ್ಜ-ಅಜ್ಜಿ ಇದ್ದ ಬೀದಿಗೆ ಒಂದೇ ಕೊಳವೆಬಾವಿ. ಅದರ ನೀರಿನಲ್ಲಿ ಫ್ಲೋರೈಡು ಅತಿಯಾಗಿತ್ತಂತೆ. ಆ ನೀರು ಕುಡಿದು ಬೆಳೆದ ಮಕ್ಕಳಿಗೆಲ್ಲ ಹಲ್ಲು ಮೂಡುವ ಮುಂಚೆಯೇ ಅದಕ್ಕೆ ಬಣ್ಣ ಕುಳಿತುಬಿಟ್ಟಿತು. ಅಮ್ಮ ಹುಟ್ಟುವ ಹೊತ್ತಿಗೆ ಅವರು ಮನೆ ಬದಲಾಯಿಸಿದ್ದರು. ಹಾಗಾಗಿ ಅಮ್ಮನದು ಮುತ್ತಿನಂಥ ಹಲ್ಲು. ಮುತ್ತು ಸರಿ, ಆದರೆ ಒಳಗೆಲ್ಲ ಹುಳುಕು. ತಿಂಗಳಿಗೊಂದು ಸಲ ಕೆನ್ನೆ ಹಿಡಿದುಕೊಂಡು ಮೂಲೆಯಲ್ಲಿ ಕೂರುವವಳು ಅವಳು, "ಪಾಪ, ಅಣ್ಣನ ಹಲ್ಲು ಹಾಳಾಗೋಯ್ತು" ಎಂದು ಊರಿಗೆಲ್ಲ ಮರುಗುವವಳೂ ಅವಳೇ.

ನಮ್ಮ ಮನೆಯಲ್ಲಿ ಮಾವನಷ್ಟು ಶ್ರದ್ಧೆಯಿಂದ ಹಲ್ಲುಜ್ಜುವವರು ಇನ್ನೊಬ್ಬರಿಲ್ಲ. ಬೆಳಿಗ್ಗೆ ಒಂದು ಸಲ, ಮಲಗುವ ಮುಂಚೆ ಒಂದು ಸಲ, ನಡುವೆ ಸಂದಿಗಳಿಗೆ ದಾರ. ಆದರೂ ಬಸ್ಸಿನಲ್ಲಿ ಅಕ್ಕಪಕ್ಕದ ತಾಯಂದಿರು ಮಕ್ಕಳ ಕಿವಿಯಲ್ಲಿ, ಮಾವನ ಕಿವಿಗೂ ಕೇಳಿಸುವ ಹಾಗೆ ಹೇಳುತ್ತಿದ್ದರು: "ನೋಡ್ದಾ? ಹಲ್ಲುಜ್ಜದಿದ್ರೆ ಆ ಅಂಕಲ್ ತರ ಆಗುತ್ತೆ." ಮಾವ ಕಿಟಕಿಯ ಕಡೆ ತಿರುಗಿಕೊಳ್ಳುತ್ತಿದ್ದ. ಜನರ ಮುಂದೆ ಅವನು ನಗುವುದು ಮೂಗಿನಿಂದಲೇ ಎನ್ನುವುದು ನನಗೆ ತಿಳಿಯಲು ಬಹಳ ವರ್ಷ ಹಿಡಿಯಿತು. ಅವನಿಗೆ ಸದಾ ನೆಗಡಿ ಎಂದುಕೊಂಡಿದ್ದೆ ನಾನು.

ಇಂಥವನಿಗೆ ಕೆಲಸ ಸಿಕ್ಕಿದ್ದು ಎಲ್ಲಿ ಅಂತೀರಿ? ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ! ಅಮ್ಮನ ದವಡೆ ಹಲ್ಲು ಕೀಳಿಸಲು ಜೊತೆಗೆ ಹೋಗಿದ್ದ. ಹೊರಗೆ ಬೆಂಚಿನ ಮೇಲೆ ಕೂತು ಒಂದು ಆಕಳಿಕೆ ತೆಗೆದ. ಅದೇ ಹೊತ್ತಿಗೆ ಡಾಕ್ಟರು ಬಾಗಿಲು ತೆಗೆದರು. ನಿಧಿ ಕಂಡವರ ಹಾಗೆ ನಿಂತುಬಿಟ್ಟರಂತೆ. "ಬನ್ನಿ ಬನ್ನಿ, ಸ್ವಲ್ಪ ಒಳಗೆ ಬನ್ನಿ" ಎಂದು ಕೈಹಿಡಿದು ಕರೆದೊಯ್ದು, ತುಟಿಗೆ ಎರಡೂ ಕಡೆ ಪ್ಲಾಸ್ಟಿಕ್ಕಿನ ಕೊಕ್ಕೆ ಹಾಕಿ ಎಳೆದು, ಫೋಟೋ ತೆಗೆದೇ ತೆಗೆದರು. ಪಕ್ಕದಲ್ಲಿ ಅಮ್ಮ ಅರ್ಧ ಕಿತ್ತ ಹಲ್ಲಿನ ಸಮೇತ ಬಾಯಿ ತೆರೆದುಕೊಂಡು ಕಾಯುತ್ತಿದ್ದಳು.

ಆ ಫೋಟೋ ಒಂದು ಆಳೆತ್ತರದ ಬೋರ್ಡಾಯಿತು. ಎಡಗಡೆ "ಮೊದಲು" ಎಂದು ಮಾವನ ಹಲ್ಲು. ಬಲಗಡೆ "ನಂತರ" ಎಂದು ಹಾಲಿನಲ್ಲಿ ಅದ್ದಿ ತೆಗೆದಂಥ ಹಲ್ಲು. ಬಿಳುಪು ಮಾಡುವ ಔಷಧಿಯನ್ನು ಡಾಕ್ಟರು ಮಾವನ ಹಲ್ಲಿಗೆ ಹಚ್ಚಿ ನೋಡಿದ್ದೇನೋ ನಿಜ. ಆದರೆ ಆ ಕಂದು ಬಣ್ಣ ಮೇಲಿನ ಕೊಳೆಯಲ್ಲ, ಹಲ್ಲಿನ ಒಳಗಿನದು. ಜಪ್ಪಯ್ಯ ಅಂದರೂ ಜಗ್ಗಲಿಲ್ಲ. ಬೋರ್ಡಿನವನು ಅವಸರ ಮಾಡಿದ. ಅವತ್ತು ಹೊಸ ಹಲ್ಲುಸೆಟ್ಟು ಹಾಕಿಸಿಕೊಂಡು ಕನ್ನಡಿ ನೋಡಿಕೊಳ್ಳುತ್ತಿದ್ದ ಒಬ್ಬ ಅಜ್ಜಿಯ ಬಾಯಿಯನ್ನೇ "ನಂತರ" ಮಾಡಿ ಮುಗಿಸಿದರು. ಒಂದು ಹಲ್ಲೂ ಇಲ್ಲದವರ ಹಲ್ಲು ಊರಿಗೆ ಮಾದರಿಯಾಯಿತು.

ಬಾಯಿ ಕೊಟ್ಟ ಋಣಕ್ಕೆ ಡಾಕ್ಟರು ಮಾವನನ್ನು ಕೌಂಟರಿನಲ್ಲಿ ಕೂರಿಸಿಕೊಂಡರು. ಒಂದೇ ಷರತ್ತು: ಮಾಸ್ಕ್ ತೆಗೆಯಬಾರದು. ಬಂದವರು ಬೋರ್ಡು ನೋಡಿ, "ಎರಡೂ ಒಬ್ಬರದ್ದೇನಾ?" ಎಂದು ಕೇಳುತ್ತಿದ್ದರು. ಮಾವ ಮಾಸ್ಕಿನ ಹಿಂದಿನಿಂದ, "ಎರಡೂ ನಂದೇ" ಎನ್ನುತ್ತಿದ್ದ. "ಎಲ್ಲಿ, ತೋರಿಸಿ ನೋಡೋಣ" ಎಂದು ಯಾರಾದರೂ ಹಟ ಹಿಡಿದರೆ, "ಇನ್‌ಫೆಕ್ಷನ್ ಆಗುತ್ತೆ, ರೂಲ್ಸ್ ಇಲ್ಲ" ಎಂದು ಗಂಭೀರವಾಗಿ ತಲೆಯಾಡಿಸುತ್ತಿದ್ದ. ಅರ್ಧ ಸತ್ಯ ಹೇಳುವವನ ಮುಖದಲ್ಲಿ ಇರುವ ಧೈರ್ಯವೇ ಬೇರೆ.

ಅದೊಂದನ್ನು ಬಿಟ್ಟರೆ ಕೆಲಸದಲ್ಲಿ ಅವನು ಪ್ರಾಮಾಣಿಕ. ಪುಟ್ಟ ಮಕ್ಕಳು ಬಂದರೆ ಪ್ಲಾಸ್ಟರಿನ ದೊಡ್ಡ ದವಡೆಯನ್ನು ಕೌಂಟರಿನ ಮೇಲಿಟ್ಟು, ಬೂಟು ಉಜ್ಜುವಷ್ಟು ದೊಡ್ಡ ಬ್ರಷ್ಷು ಹಿಡಿದು ಪಾಠ ಮಾಡುತ್ತಿದ್ದ. "ಹಲ್ಲು ಅಂದ್ರೆ ಸೀದು ಹೋದ ಪಾತ್ರೆ ಅಲ್ಲಮ್ಮ, ಗಸಗಸ ತಿಕ್ಕಬಾರದು. ತಿಕ್ಕಿದ್ರೆ ಒಸಡು ಹಿಂದೆ ಹೋಗುತ್ತೆ. ಹೀಗೆ, ಮೆಲ್ಲಗೆ ಸುತ್ತು ಹಾಕು." ದೊಡ್ಡವರಿಗೆ ಬೇರೆ ಪಾಠ. "ನಿಂಬೆಹಣ್ಣು, ಇದ್ದಿಲು, ಅಡುಗೆ ಸೋಡ ಇವೆಲ್ಲ ನೆಲ ತೊಳೆಯೋಕೆ ಇಟ್ಕೊಳ್ಳಿ ಸ್ವಾಮಿ. ಹಲ್ಲಿಗೆ ಹಚ್ಚಿ ಬಿಳಿ ಆಯ್ತು ಅಂತ ಕುಣಿದವರೆಲ್ಲ ಆಮೇಲೆ ತಣ್ಣೀರು ಕುಡಿಯೋಕಾಗದೆ ನಮ್ಮ ಹತ್ರಾನೇ ಬರ್ತಾರೆ." ಜನ ಅವನ ಮಾತು ಕೇಳುತ್ತಿದ್ದರು. ಮುಖ ಅರ್ಧ ಮುಚ್ಚಿದ್ದರಿಂದ ಇಡೀ ಮನುಷ್ಯನೇ ಜ್ಞಾನಿಯಂತೆ ಕಾಣುತ್ತಿದ್ದ.

ಮಾವನಿಗೆ ಮದುವೆಯಾಗಿರಲಿಲ್ಲ. ಪ್ರಾಯದಲ್ಲಿ ಒಂದೆರಡು ಕಡೆ ಹೆಣ್ಣು ನೋಡಿದ್ದರು. ಮಾತೆಲ್ಲ ಮುಗಿದು, ಎಲ್ಲ ಸರಿಹೋಯಿತು ಎನ್ನುವಷ್ಟರಲ್ಲಿ ಮಾವ ಖುಷಿಯಾಗಿ ನಗುತ್ತಿದ್ದ, ಅಲ್ಲಿಗೆ ಮುಗಿಯುತ್ತಿತ್ತು. ಆಮೇಲೆ ಅವನು ಆ ಸುದ್ದಿಯನ್ನೇ ಬಿಟ್ಟ. ನಮ್ಮ ಜೊತೆಯಲ್ಲೇ ಇದ್ದ, ಹಜಾರದ ಮಂಚದ ಮೇಲೆ. ಮನುಷ್ಯ ಮಹಾ ಮಾತುಗಾರ. ಆದರೆ ಊಟಕ್ಕೆ ಕೂತರೆ ಅಪ್ಪ ಪೇಪರು ಓದುತ್ತಿದ್ದರು, ಅಮ್ಮ ನನ್ನನ್ನು ಬೈಯುತ್ತಿದ್ದಳು, ನಾನು ಫೋನು ನೋಡುತ್ತಿದ್ದೆ. ಮಾವ ಶುರುಮಾಡಿದ ಬಸ್ ಕಂಡಕ್ಟರನ ಕಥೆಯೋ ಇನ್ನೊಂದೋ ಅರ್ಧಕ್ಕೇ ನಿಂತು, ಅವನು ತಟ್ಟೆ ತೊಳೆಯಲು ಎದ್ದುಹೋಗುತ್ತಿದ್ದ.

ಅಮ್ಮ ಮಾತ್ರ ಬಿಡಲಿಲ್ಲ. ಕ್ಲಿನಿಕ್ಕಿನ ಹಿಂದಿನ ಓಣಿಯಲ್ಲಿ ಒಬ್ಬ ಟೈಲರಮ್ಮ ಇದ್ದಳು. ಪರದೆ, ಶಾಲೆಯ ಯೂನಿಫಾರಂ, ಪ್ಯಾಂಟಿನ ಕಾಲು ಮಡಿಸುವುದು, ಇವು ಅವಳ ಕೆಲಸ. ಗಂಡ ತೀರಿಕೊಂಡು ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ಪರದೆ ಹೊಲಿಸುವ ನೆಪದಲ್ಲಿ ಅಮ್ಮ ಅವಳ ಸ್ನೇಹ ಮಾಡಿಕೊಂಡಳು. ನಮ್ಮ ಮನೆಯ ಕಿಟಕಿಗಳಿಗೆಲ್ಲ ಎರಡೆರಡು ಜೊತೆ ಪರದೆ ಬಂದ ಮೇಲೆ ಒಂದು ಭಾನುವಾರ ಅವಳನ್ನು ಟೀಗೆ ಕರೆದಳು.

ಅವಳು ಬರುವ ಮುಂಚೆ ಮಾವನಿಗೆ ತಾಕೀತಾಯಿತು. "ನೋಡಣ್ಣ, ಬಾಯಿ ಬಿಟ್ರೆ ಬಣ್ಣಗೇಡು. ಹೂಂ, ಊಹೂಂ, ಅಷ್ಟೇ. ಬಿಸ್ಕತ್ತು ಮುಟ್ಟಬೇಡ. ನಗು ಬಂದ್ರೆ ಎದ್ದು ಒಳಗೆ ಹೋಗು."

"ನಾನೇನು ಪರೀಕ್ಷೆಗೆ ಕೂತಿದ್ದೀನೇನೇ?"

"ಹೂಂ. ಅದೂ ಮೂಕಿ ಪರೀಕ್ಷೆ."

ಅವಳು ಬಂದಳು. ಎತ್ತರದ ಹೆಂಗಸು, ಕೊರಳಿನ ಅಳತೆ ಟೇಪು ತೆಗೆಯುವುದನ್ನೂ ಮರೆತು ಬಂದಿದ್ದಳು. ಕ್ಲಿನಿಕ್ಕಿನಲ್ಲಿ ಕೆಲಸ ಹೇಗಿದೆ ಎಂದು ಕೇಳಿದಳು. ಮಾವ "ಹೂಂ" ಅಂದ. ಬಿಸಿಲು ಜಾಸ್ತಿ ಅಂದಳು. ಮಾವ "ಹೂಂ" ಅಂದ. ಆಮೇಲೆ ಅವಳೂ ಸುಮ್ಮನಾದಳು. ಅಮ್ಮ ಇಬ್ಬರ ಪರವಾಗಿಯೂ ತಾನೇ ಮಾತಾಡಿ ಮುಗಿಸಿದಳು. ಅವಳು ಹೋದ ಮೇಲೆ ಮಾವ ಬಾಲ್ಕನಿಯಲ್ಲಿ ನನ್ನ ಪಕ್ಕ ಬಂದು ನಿಂತ. "ಆಕೆ ಸೂಜಿಗೆ ದಾರ ಪೋಣಿಸೋದು ನೋಡಿದ್ದೀಯಾ? ಪರದೆ ತರೋಕೆ ಹೋದಾಗ ನೋಡ್ದೆ, ಒಂದೇ ಸಲಕ್ಕೆ, ಮಾತಾಡ್ತಾ ಮಾತಾಡ್ತಾ, ನೋಡದೇನೇ" ಎಂದ. ಅಷ್ಟು ಹೇಳಿ ಕಿವಿ ಕೆಂಪಗೆ ಮಾಡಿಕೊಂಡ. ಈ ಮನುಷ್ಯನಿಗೆ ಅವಳು ಬೇಕು, ನಿಜವಾಗಿ ಬೇಕು ಎಂದು ನನಗೆ ಅವತ್ತು ಗೊತ್ತಾಯಿತು.

ಎರಡು ದಿನ ಬಿಟ್ಟು ಅಮ್ಮ ಅವಳ ಅಂಗಡಿಗೆ ಓಡಿದಳು. "ಕ್ಲಿನಿಕ್ಕಲ್ಲಿ ನಮ್ಮಣ್ಣನ ಫೋಟೋ ಇದೆಯಲ್ಲ, ನೋಡಿದ್ದೀರಾ?" ಎಂದು ಕೇಳಿದಳಂತೆ. "ನೋಡಿದ್ದೀನಿ. ಹಲ್ಲು ಚೆನ್ನಾಗಿವೆ. ನನಗೆ ಒಪ್ಪಿಗೆ" ಅಂದಳಂತೆ ಅವಳು. ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅನ್ನುವ ಜಾತಿ ನಮ್ಮಮ್ಮ. ಚಪ್ಪಲಿ ಬಿಡದೆ ಮನೆಯೊಳಗೆ ಬಂದಳು. "ಅಣ್ಣಾ, ಕೆಲಸ ಆಯ್ತು! ನಿನ್ನ ಮೌನ ಹಿಡಿಸಿದೆ. ಹಲ್ಲೂ ಹಿಡಿಸಿದೆ. ಆ ಬೋರ್ಡಲ್ಲಿರೋ ಬಿಳಿ ಹಲ್ಲು ನಿಂದೇ ಅಂತ ತಿಳ್ಕೊಂಡಿದ್ದಾಳೆ. ಮದುವೆ ಒಳಗೆ ಹೇಗಾದ್ರೂ ಮಾಡಿ ಬೆಳ್ಳಗೆ ಮಾಡಿಸ್ಕೋ."

"ಅವಳಿಗೆ ನಿಜ ಹೇಳಿಬಿಡೋಣ ಕಣೇ."

"ಹೇಳು, ಹೇಳು. ಹೇಳಿ ಇದೇ ಮಂಚದ ಮೇಲೆ ಮುದುಕ ಆಗು."

ನಾನೂ ಅಲ್ಲೇ ಇದ್ದೆ. ಅವಳು ಹೇಳಿದ್ದು ಯಾವ ಫೋಟೋದ ಹಲ್ಲು ಎಂದು ಕೇಳಬೇಕೆಂದು ನನಗೂ ಹೊಳೆಯಲಿಲ್ಲ, ಮಾವನಿಗೂ ಹೊಳೆಯಲಿಲ್ಲ. ಹೊಳೆಯುವುದಾದರೂ ಹೇಗೆ? ಬೋರ್ಡು ನೋಡಿದವರ ಕಣ್ಣು ಬಲಗಡೆಗೇ ಹೋಗುತ್ತದೆ ಎಂದು ನಂಬಿ ಬದುಕುತ್ತಿದ್ದ ಸಂಸಾರ ನಮ್ಮದು.

ಮಾವ ಮೊದಲು ಸ್ವಂತ ಪ್ರಯತ್ನ ಮಾಡಿದ. ಯಾವ ಬಾಯಿ ಊರಿಗೆಲ್ಲ ಬೇಡವೆಂದು ಪಾಠ ಹೇಳುತ್ತಿತ್ತೋ ಅದೇ ಬಾಯಿಗೆ ಇದ್ದಿಲ ಪುಡಿ ಹೋಯಿತು, ಅದರ ಬೆನ್ನಿಗೆ ನಿಂಬೆರಸ, ಸೋಡ. ಬಚ್ಚಲ ಬಾಗಿಲು ಹಾಕಿಕೊಂಡು ಸೀದ ಪಾತ್ರೆ ತಿಕ್ಕುವ ಹಾಗೆ ತಿಕ್ಕಿದ. ವಾರ ಕಳೆಯುವಷ್ಟರಲ್ಲಿ ಒಸಡು ಬಾತು ಟೊಮೆಟೊ ಆಯಿತು. ಹಲ್ಲು ಇದ್ದ ಹಾಗೇ ಇತ್ತು. ಬಚ್ಚಲಿನ ಬಿಳಿ ಟೈಲ್ಸು ಮಾತ್ರ ಕಪ್ಪಾಯಿತು, ಅದನ್ನು ತೊಳೆದವಳು ನಾನು.

ಕೊನೆಗೆ ಡಾಕ್ಟರ ಮುಂದೆ ಹೋಗಿ ನಿಂತ. ಬೇರೆ ಸಮಯವಾಗಿದ್ದರೆ "ನಿಮ್ಮ ಹಲ್ಲು ನನ್ನ ಅಂಗಡಿಯ ಬಾಗಿಲು" ಎಂದು ಸಾಗಹಾಕುತ್ತಿದ್ದರೋ ಏನೋ. ಆದರೆ ಆ ದಿನಗಳಲ್ಲೇ ಯಾರೋ ಒಬ್ಬ ಗಿರಾಕಿ ಬೋರ್ಡಿನ ಮುಂದೆ ನಿಂತು, "ಇದು ಗಂಡಸಿನ ತುಟಿ, ಅದು ಮುದುಕಿ ತುಟಿ" ಎಂದು ಎಲ್ಲರ ಎದುರು ಜಗಳ ತೆಗೆದಿದ್ದ. ಡಾಕ್ಟರಿಗೂ ಒಂದು ಅಸಲಿ "ನಂತರ" ತುರ್ತಾಗಿ ಬೇಕಿತ್ತು. "ಔಷಧಿಗೆ ಇದು ಬಗ್ಗಲ್ಲ. ಮುಂದಿನ ಹಲ್ಲುಗಳನ್ನ ಉಜ್ಜಿ ಸಣ್ಣ ಮಾಡಿ ಮೇಲೆ ಬಿಳಿ ಕ್ಯಾಪ್ ಕೂರಿಸ್ತೀನಿ. ಈಗ ಮೇಲಿನ ಸಾಲು. ಕೆಳಗಿನದು ಮುಂದಿನ ವಾರ. ನೀವೇನೂ ಕೊಡೋದು ಬೇಡ" ಎಂದರು.

ನಾನು ಜೊತೆಗೆ ಹೋಗಿದ್ದೆ. ಬಾಗಿಲ ಸಂದಿಯಿಂದ ಎಲ್ಲ ಕಾಣುತ್ತಿತ್ತು, ಕೇಳುತ್ತಿತ್ತು. ಯಂತ್ರ ಕಿರ್ರೆನ್ನುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಕಿರ್ರೆನ್ನುತ್ತಿತ್ತು. ಡಾಕ್ಟರು ಯಂತ್ರದ ಕೊರೆಯುವ ಮುಳ್ಳು ಬದಲಾಯಿಸುತ್ತಾ ಬೆವರು ಒರೆಸಿಕೊಳ್ಳುತ್ತಾ ಹೊಗಳಿದ್ದೇ ಹೊಗಳಿದ್ದು. "ಏನ್ ಗಟ್ಟಿ ಹಲ್ಲು ರೀ ಇದು! ಒಂದು ಹುಳುಕಿಲ್ಲ, ಒಂದು ಬಿರುಕಿಲ್ಲ. ನನ್ನ ಸರ್ವೀಸಿನಲ್ಲೇ ಇಂಥ ಹಲ್ಲು ನೋಡಿಲ್ಲ. ಸ್ವಲ್ಪ ಇನ್ನೂ ಅಗಲ ತೆರೀರಿ." ಹೊಗಳುತ್ತಾ ಹೊಗಳುತ್ತಾ ಒಂದೊಂದನ್ನೇ ಅರೆದು ಮೊಳೆಯಷ್ಟು ಮಾಡಿದರು. ಹಲ್ಲಿದ್ದವನಿಗೆ ಕಡಲೆಯಿಲ್ಲ ಅಂತಾರೆ. ನಮ್ಮ ಮಾವ ಕಡಲೆ ಸಿಗಲಿ ಅಂತ ಹಲ್ಲನ್ನೇ ಕೊಟ್ಟ.

ಕ್ಯಾಪ್ ಕೂರಿಸಿದ ದಿನ ಮಾವನನ್ನು ನೋಡಬೇಕಿತ್ತು. ಮಾಸ್ಕನ್ನು ಜೇಬಿಗೆ ತುರುಕಿ, ಬೀದಿಯ ದೀಪದ ಕಂಬಕ್ಕೂ ಹಲ್ಲು ಕಿರಿಯುತ್ತಾ ನಡೆದ. ಬಸ್ಸಿನಲ್ಲಿ ಅಪರಿಚಿತ ಕೂಸಿನ ಕಡೆ ನೋಡಿ ನಕ್ಕ, ಕೂಸೂ ನಕ್ಕಿತು. ಮಾವನ ಕಣ್ಣಲ್ಲಿ ನೀರು ಬಂದುಬಿಟ್ಟಿತು. ಆಗ ನನಗೂ ಅನಿಸಿತು, ಸುಳ್ಳೇಕೆ ಹೇಳಲಿ, ಒಳ್ಳೆಯದೇ ಆಯಿತು ಎಂದು.

ಮರುದಿನ ಮಧ್ಯಾಹ್ನ ಟೈಲರಮ್ಮನ ಅಂಗಡಿಗೆ ಹೋದೆವು. ಅಳುಕಿಗೆ ನನ್ನನ್ನೂ ಕರೆದುಕೊಂಡಿದ್ದ. ಚಿಕ್ಕ ಕೋಣೆ, ಕಿಟಕಿಗೆ ಆನಿಸಿದ ಮೆಷಿನ್ನು, ಸುತ್ತ ನೀಲಿ ಯೂನಿಫಾರಮ್ಮಿನ ರಾಶಿ. ಅವಳು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಒಂದು ಪ್ಯಾಂಟಿನ ಅಂಚು ಮಡಿಸುತ್ತಿದ್ದಳು. ಮಾವ ಹೊಸ್ತಿಲಲ್ಲಿ ನಿಂತು, ಅವಳ ಎದುರು ಮೊದಲ ಸಲ, ಬಾಯಿ ತುಂಬ ನಕ್ಕ. "ನಮಸ್ಕಾರ, ನಾನೇ ಮಾತಾಡೋಣ ಅಂತ ಬಂದೆ" ಎಂದ.

ಅವಳು ನಗಲಿಲ್ಲ. ಒಂದೊಂದೇ ಸೂಜಿಯನ್ನು ಬಾಯಿಂದ ತೆಗೆದು ದಿಂಬಿಗೆ ಚುಚ್ಚಿದಳು.

"ನಿಮ್ಮ ಹಲ್ಲು ಏನಾಯ್ತು?"

"ಬಿಳಿ ಆಯ್ತು" ಎಂದ ಮಾವ. ನಗು ಇನ್ನೂ ಮುಖದ ಮೇಲೇ ಇತ್ತು, ಎಲ್ಲಿ ಇಡಬೇಕೆಂದು ಗೊತ್ತಾಗದೆ. "ಬೋರ್ಡಲ್ಲಿ ನೋಡಿ ಒಪ್ಕೊಂಡ್ರಲ್ಲ, ಅದೇ ತರ."

"ಬೋರ್ಡಲ್ಲಿ ನೋಡಿದ್ದು ಎಡಗಡೆದು" ಎಂದಳು. "ಬಲಗಡೆದು ನಿಮ್ದಲ್ಲ ಅಂತ ನನಗೆ ಗೊತ್ತಿಲ್ವಾ? ದಿನಾ ಜನರ ಅಳತೆ ತೆಗೆಯೋಳು ನಾನು. ತುಟಿ ಅಗಲಾನೇ ಬೇರೆ."

ಮಾವ ನನ್ನ ಕಡೆ ನೋಡಿದ. ನಾನು ಯೂನಿಫಾರಮ್ಮಿನ ಕಡೆ ನೋಡಿದೆ.

ಅವಳು ಕಿಟಕಿಯ ಪರದೆ ಸರಿಸಿದಳು. ಎದುರಿಗೇ ಕ್ಲಿನಿಕ್ಕಿನ ಹಿಂಬಾಗಿಲ ಮೆಟ್ಟಿಲು. "ದಿನಾ ಸಂಜೆ ಅಲ್ಲಿ ಕೂತು ಟೀ ಕುಡೀತೀರಲ್ಲ, ಮಾಸ್ಕು ಗಲ್ಲಕ್ಕೆ ಇಳಿಸ್ಕೊಂಡು, ಆ ಟೀ ಅಂಗಡಿಯವನಿಗೆ ಕಥೆ ಹೇಳಿ ಹೇಳಿ ಬಿದ್ದು ಬಿದ್ದು ನಗ್ತೀರಲ್ಲ? ನಾನು ಇಲ್ಲಿ ಮೆಷಿನ್ ನಿಲ್ಲಿಸಿ ಕೇಳ್ತಿದ್ದೆ. ಕೆಲವು ಕಥೆ ಪೂರ್ತಿ ಕೇಳಿಸ್ತಿರಲಿಲ್ಲ. ಮದುವೆ ಆದ ಮೇಲೆ ಕೇಳ್ಕೊಂಡ್ರಾಯ್ತು ಅನ್ಕೊಂಡಿದ್ದೆ. ನಿಮ್ಮ ಮನೆಗೆ ಬಂದ್ರೆ ಬರೀ ಹೂಂ ಹೂಂ. ನಾನು ಹಿಡಿಸಲಿಲ್ಲವೇನೋ ಅಂತ ಎರಡು ದಿನ ಕೆಲಸಾನೇ ಮಾಡಲಿಲ್ಲ."

"ಆದ್ರೆ ಆ ಹಲ್ಲು..." ಎಂದ ಮಾವ. "ಆ ಹಲ್ಲು ನೋಡಿ ಯಾರೂ..."

"ನಮ್ಮಪ್ಪಂದೂ ಅದೇ ಹಲ್ಲು ಕಣ್ರೀ. ಅದೇ ತರ ನೀರು ಕುಡಿದು ಬೆಳೆದವರು. ಸಾಯೋವರೆಗೂ ಒಂದೂ ಉದುರಲಿಲ್ಲ. ನನ್ನ ಗಂಡನ ಹಲ್ಲು ಬೆಳ್ಳಗೆ ಹೊಳೀತಿತ್ತು, ಅರ್ಧ ಆಯುಷ್ಯ ಗಂಜಿ ಕುಡಿದೇ ಕಳೆದ್ರು. ಬಣ್ಣ ನೋಡಿ ಬಟ್ಟೆ ತಗೊಳ್ಳೋದು ಕಸುಬು ಗೊತ್ತಿಲ್ಲದೋರು." ಅಷ್ಟು ಹೇಳಿದವಳಿಗೆ ಒಮ್ಮೆಲೇ ಕೋಪ ಉಕ್ಕಿತು. "ನನ್ನನ್ನ ಒಂದು ಮಾತು ಕೇಳ್ಬಾರದಿತ್ತಾ? ಬಾಯಿ ಇರ್ಲಿಲ್ವಾ ನಿಮಗೆ?"

ಮಾವ ಸ್ಟೂಲಿನ ಮೇಲೆ ಕುಸಿದು ಕೂತ. ಟೈಲರಮ್ಮ ಹತ್ತಿರ ಬಂದು, ಅಳತೆ ತೆಗೆಯುವವಳ ಹಾಗೆ ಅವನ ಗಲ್ಲ ಹಿಡಿದು, ಹೆಬ್ಬೆರಳಿನಿಂದ ಕೆಳತುಟಿ ಇಳಿಸಿ ನೋಡಿದಳು. ಕಂದು ಸಾಲು ಹಾಗೇ ಇತ್ತು. "ಸದ್ಯ" ಎಂದಳು.

ಮುಂದಿನ ವಾರ ಡಾಕ್ಟರು ಕುರ್ಚಿ ಒರೆಸಿಟ್ಟು ಕಾದರು. ಮಾವ ಹೋಗಿ, ಕೆಳಗಿನ ಸಾಲು ಮುಟ್ಟುವುದು ಬೇಡ ಎಂದ. "ಅರ್ಧ ಬಿಳಿ, ಅರ್ಧ ಕಂದು ಇಟ್ಕೊಂಡು ಓಡಾಡ್ತೀರಾ? ಜನ ನಗಲ್ವಾ?" ಎಂದು ಡಾಕ್ಟರು ರೇಗಿದರು. ಮಾವ, "ನಗಲಿ ಬಿಡಿ ಸಾರ್" ಎಂದು ಕೌಂಟರಿಗೆ ಬಂದು ಕೂತ, ಮಾಸ್ಕಿಲ್ಲದೆ. ಡಾಕ್ಟರು ಮೂರು ದಿನ ಮುಖ ಊದಿಸಿಕೊಂಡಿದ್ದರು. ನಾಲ್ಕನೆಯ ದಿನ ನೋಡಿದರೆ ಗಿರಾಕಿಗಳು ಮಾವನ ಬಾಯನ್ನೇ ಬಗ್ಗಿ ಬಗ್ಗಿ ನೋಡಿ, ಮೇಲಿನದು ತೋರಿಸಿ "ನಮಗೂ ಹೀಗೇ ಮಾಡಿ" ಎಂದು ಒಳಗೆ ಹೋಗುತ್ತಿದ್ದರು. ಹಳೇ ಬೋರ್ಡು ಕೆಳಗಿಳಿಯಿತು. ಮೊದಲು, ನಂತರ ಎರಡೂ ಒಬ್ಬನದ್ದೇ ಎನ್ನುವ ಮಾತು ಕೊನೆಗೂ ನಿಜವಾಗಿತ್ತು, ಡಾಕ್ಟರಿಗೆ ಸುಳ್ಳಿಗಿಂತ ಅದೇ ಹೆಚ್ಚು ಲಾಭ ತಂದಿತು.

ಮದುವೆ ಆಯಿತು. ಮಾವ ಹಜಾರದ ಮಂಚ ಬಿಟ್ಟು ಅಂಗಡಿಯ ಮೇಲಿನ ಅವಳ ಮನೆಗೆ ಹೋದ. ನಮ್ಮ ಊಟದ ಮನೆ ಒಮ್ಮೆಲೇ ನಿಶ್ಶಬ್ದವಾಯಿತು. ಅಪ್ಪ ಪೇಪರು ಮಡಿಸಿಟ್ಟು, "ಆ ಬಸ್ ಕಂಡಕ್ಟರನ ಕಥೆ ಆಮೇಲೆ ಏನಾಯ್ತು?" ಎಂದು ಒಂದು ದಿನ ಕೇಳಿದರು. ಯಾರಿಗೂ ಗೊತ್ತಿರಲಿಲ್ಲ.

ಕೆಲವು ತಿಂಗಳಿಗೆ ಮಾವನ ಮೇಲಿನ ಸಾಲಿನ ಒಂದು ಹಲ್ಲು ಒಳಗೇ ಕೆಟ್ಟಿತು. ಅಷ್ಟು ಅರೆದ ಮೇಲೆ ಹಾಗಾಗುವುದುಂಟು ಎಂದರು ಡಾಕ್ಟರು, ಬಿಸಿಲಿಗೆ ಹಪ್ಪಳ ಒಣಗುವುದುಂಟು ಅನ್ನುವಷ್ಟೇ ಸಲೀಸಾಗಿ. ನಾನು ನೋಡಲು ಹೋದಾಗ ಅವನು ಕೆನ್ನೆಗೆ ಬಿಸಿನೀರಿನ ಚೀಲ ಒತ್ತಿಕೊಂಡು ಮೆಷಿನ್ನಿನ ಪಕ್ಕ ಕೂತಿದ್ದ. ಕಣ್ಣು ಕೆಂಪಗಾಗಿತ್ತು. ಟೈಲರಮ್ಮ, ಈಗ ನನಗೆ ಅತ್ತೆ, ಬಿಸ್ಕತ್ತನ್ನು ಟೀಯಲ್ಲಿ ನೆನೆಸಿ ಅವನ ಕೈಗೆ ಕೊಡುತ್ತಿದ್ದಳು.

"ಹಲ್ಲುನೋವು ಅಂದ್ರೆ ಇದಾ?" ಎಂದ ನನ್ನನ್ನು ನೋಡಿ. "ನಿಮ್ಮಮ್ಮ ಇಷ್ಟು ವರ್ಷ ಹೇಗೆ ತಡ್ಕೊಂಡಳೇ?"

ನಾನು ಏನೋ ಸಮಾಧಾನ ಹೇಳಹೊರಟೆ. ಅವನು ತಲೆಯಾಡಿಸಿದ. "ನೋವಿಗಲ್ಲ ಕಣೇ. ಇಷ್ಟು ವರ್ಷ ಈ ಹಲ್ಲು ಯಾರಿಗೂ ಬೇಡ ಅನ್ಕೊಂಡಿದ್ದೆ. ಬೇಕು ಅನ್ನೋರು ಎದುರು ಕಿಟಕಿಯಲ್ಲೇ ಕೂತಿದ್ರು. ಅವರು ಇಷ್ಟಪಟ್ಟಿದ್ದನ್ನ ನಾನೇ ಹೋಗಿ ಅರೆಸ್ಕೊಂಡು ಬಂದೆ."

ಅತ್ತೆ ಅವನ ಕೈಯಿಂದ ತಣ್ಣಗಾದ ಚೀಲ ತೆಗೆದುಕೊಂಡಳು. "ಕೆಳಗಿನವು ಇವೆಯಲ್ಲ" ಎಂದಳು. "ಇನ್ನು ಮೇಲೆ ಯಾರು ಕೇಳಿದ್ರೂ ನನ್ನನ್ನ ಕೇಳಿ ಕೊಡಿ."